ದೇವರು ಕಾಪಾಡಲು ಬಂದರೂ ಮನುಷ್ಯ ಯಾಕೆ ಬೇಡ ಅನ್ನುತ್ತಾನೆ?

ಬೈಬಲ್ಲಿನಲ್ಲಿ ಇದಕ್ಕೆ ನನಗೆ ತುಂಬಾ ಹಿಡಿಸಿದ ಒಂದು ಮಾತಿದೆ. ಕೋಳಿ ತನ್ನ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ಹಾಗೆ ನಿನ್ನ ಮಕ್ಕಳನ್ನು ಸೇರಿಸಿಕೊಳ್ಳಲು ಎಷ್ಟೋ ಸಲ ಬಯಸಿದೆ, ನಿಮಗೇ ಮನಸ್ಸಿರಲಿಲ್ಲ ಎಂದು ಯೇಸು ಯೆರೂಸಲೇಮ್ ನಗರದ ಬಗ್ಗೆ ನೊಂದುಕೊಳ್ಳುತ್ತಾರೆ (ಮತ್ತಾಯ 23:37, ಲೂಕ 13:34).

ಲೂಕನ ಸುವಾರ್ತೆಯಲ್ಲಿ ಇದಕ್ಕೆ ಸ್ವಲ್ಪ ಮುಂಚೆಯೇ ಅವರು, ತಮ್ಮನ್ನು ಕೊಲ್ಲಬೇಕೆಂದಿದ್ದಾನೆ ಅಂತ ಸುದ್ದಿ ಬಂದ ಅಧಿಪತಿ ಹೆರೋದನನ್ನು ನರಿ ಅಂತ ಕರೆದಿದ್ದಾರೆ. ಅಂದರೆ ನರಿ ಹತ್ತಿರದಲ್ಲೇ ಇದೆ. ಆದರೂ ತಮ್ಮನ್ನು ಸಿಂಹಕ್ಕಲ್ಲ, ಕೋಳಿಗೆ ಹೋಲಿಸಿಕೊಳ್ಳುತ್ತಾರೆ. ಕೋಳಿಗೆ ಕೋರೆಹಲ್ಲಿಲ್ಲ. ಮರಿಗಳ ಮೇಲೆ ರೆಕ್ಕೆ ಹರಡಿ ಕೂರುವುದೇ ಅದರ ಕಾವಲು. ಮೊದಲ ಏಟು ಬೀಳುವುದು ಅದರ ಮೈಮೇಲೆ.

ಇಷ್ಟಾದರೂ ಯಾಕೆ ದೂರ ಓಡುತ್ತೇವೆ? ದೇವರ ಮೇಲಿನ ಸಿಟ್ಟಿನಿಂದ ಓಡುವವರು ಕಡಿಮೆ ಅನಿಸುತ್ತದೆ. ರೆಕ್ಕೆಯಡಿ ಬರಬೇಕಾದರೆ ಅಪಾಯ ಇದೆ ಅಂತ ಒಪ್ಪಬೇಕು. ನನ್ನೊಬ್ಬನ ಕೈಲಿ ಆಗಲ್ಲ ಅಂತಲೂ ಒಪ್ಪಬೇಕು. ಎರಡನೆಯದೇ ಜಾಸ್ತಿ ಕಷ್ಟ, ಅಲ್ವಾ? ಎಲ್ಲ ಚೆನ್ನಾಗಿರುವಾಗಂತೂ ಕಾವಲು ಬರೀ ಅಡ್ಡಿಯಾಗಿ ಕಾಣುತ್ತದೆ. ಎಚ್ಚರಿಸಲು ಬಂದವರ ಮೇಲೆ ಕೋಪ ಬರುತ್ತದೆ. ಅದೇ ವಚನದಲ್ಲಿ ಯೇಸು ಹೇಳುವಂತೆ, ಯೆರೂಸಲೇಮಿನವರು ಪ್ರವಾದಿಗಳನ್ನು ಕೊಂದದ್ದು, ದೇವರು ಕಳಿಸಿದವರಿಗೆ ಕಲ್ಲೆಸೆದದ್ದು ಹೀಗೇ. ಇದನ್ನು ಒಂದು ಜನಾಂಗದ ತಪ್ಪು ಅಂತ ದಯವಿಟ್ಟು ಓದಬೇಡಿ. ಯೇಸುವೂ ಯೆಹೂದ್ಯರೇ, ತಮ್ಮವರಿಗಾಗಿಯೇ ಮರುಗಿದರು. ಈ ಹಟ ನಮ್ಮೆಲ್ಲರಲ್ಲೂ ಇದೆ.

ಬೇಡ ಅಂದವರನ್ನು ಯೇಸು ಬಲವಂತವಾಗಿ ಎಳೆದುಕೊಳ್ಳಲಿಲ್ಲ. ಕೈಬಿಡಲೂ ಇಲ್ಲ. ಲೂಕನ ಪ್ರಕಾರ, ಈ ಮಾತು ಹೇಳಿದ ಮೇಲೂ ಅದೇ ಯೆರೂಸಲೇಮಿನ ದಾರಿ ಹಿಡಿದರು, ಅಲ್ಲಿ ಸಾವು ಕಾದಿದೆ ಅಂತ ಗೊತ್ತಿದ್ದೇ.