ಸೊಂಟದ ಕೀಲು ಹೊಸದಾಯಿತು, ನೋವು ಯಾಕೆ ಇನ್ನೂ ಇದೆ?

ಈ ಸಲ ಸೊಂಟದ ಕೀಲು ಬದಲಿಸಿಕೊಂಡವರ ಪತ್ರಗಳೇ ಜಾಸ್ತಿ. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಗಳಿಂದ ಬಂದಿವೆ. ಅದರಲ್ಲಿ ನಾಲ್ಕನ್ನು ಆರಿಸಿದ್ದೇನೆ. ನಾನು ಫಿಸಿಯೋಥೆರಪಿಸ್ಟ್, ಆಪರೇಷನ್ ಮಾಡುವ ಡಾಕ್ಟರಲ್ಲ. ಹಾಗಾಗಿ ನಾನು ಹೇಳಿದ್ದನ್ನು ನಿಮ್ಮ ಡಾಕ್ಟರು ಹೇಳಿದ್ದರ ಜೊತೆಗಿಟ್ಟು ನೋಡಿ. ಎರಡೂ ಬೇರೆ ಬೇರೆ ಆದರೆ ಅವರ ಮಾತನ್ನೇ ಕೇಳಿ.

ಪ್ರಶ್ನೆ: ನನಗೆ 57 ವರ್ಷ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಬಲಗಡೆ ಕೀಲು ಸವೆದು ಆರು ವರ್ಷ ಕುಂಟಿಕೊಂಡೇ ಸೊಪ್ಪು ಕೊಯ್ದೆ. ನಾಲ್ಕು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಸಿಮೆಂಟ್ ಹಾಕದ ಕೀಲು ಎಂದರು. ಹಳೇ ನೋವು ಹೋಗಿದೆ, ಹೊಲಿಗೆ ಒಣಗಿದೆ, ಎಕ್ಸ್‌ರೇ ಕೂಡ ಸರಿಯಾಗಿದೆಯಂತೆ. ಆದರೆ ಕುರ್ಚಿಯಿಂದ ಎದ್ದ ತಕ್ಷಣ ಮೂರು ನಾಲ್ಕು ಹೆಜ್ಜೆ ತೊಡೆ ಹಿಡಿದುಕೊಳ್ಳುತ್ತದೆ, ಆಮೇಲೆ ಬಿಡುತ್ತದೆ. ಬಲ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಬಸ್ ಹತ್ತಲು ಕಾಲು ಎತ್ತಿದರೆ ತೊಡೆಸಂದಿನಲ್ಲಿ ಚುಳುಕ್ ಎನ್ನುತ್ತದೆ. ಬಲಗಾಲು ಉದ್ದವಾದ ಹಾಗೂ ಅನಿಸುತ್ತದೆ. ನೆಂಟರು ಆಪರೇಷನ್ ಫೇಲ್ ಆಗಿದೆ ಅನ್ನುತ್ತಾರೆ. ಪಕ್ಕದ ಮನೆಯವರು ಆಂಧ್ರದ ಪುತ್ತೂರಿನಲ್ಲಿ ಮೂಳೆಗೆ ಕಟ್ಟು ಹಾಕುವ ನಾಟಿ ವೈದ್ಯರ ಹತ್ತಿರ ಹೋಗಿ ಎಣ್ಣೆ ಹಾಕಿ ತಿಕ್ಕಿಸಿಕೊಂಡು ಬಾ ಅನ್ನುತ್ತಾರೆ. ಏನು ಮಾಡಲಿ?
(ಹೆಸರು ಬೇಡ, ಶಿಡ್ಲಘಟ್ಟ ತಾಲ್ಲೂಕು)

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ಸುದ್ದಿ ಮಧ್ಯದಲ್ಲಿ ಸುಮ್ನೆ ಬಂದು ಹೋಗಿದೆ. ಹಳೇ ನೋವು ಹೋಗಿದೆ ಅಂದಿದ್ದೀರಿ. ಈ ಆಪರೇಷನ್ ಮಾಡುವುದೇ ಅದಕ್ಕೆ. ಅದು ಹೋಗಿದೆ ಅಂದರೆ ಫೇಲ್ ಅನ್ನುವ ಮಾತು ಈಗ ಬೇಡ. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಅನ್ನುವ ಡಾಕ್ಟರು ಈ ಆಪರೇಷನ್ನಿಗೆ ಈಗಿನ ರೂಪ ಕೊಟ್ಟರು. ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ಲಕ್ಷ ಜನ ಮಾಡಿಸಿಕೊಂಡಿದ್ದಾರೆ. ಯಾವ ನೋವು ಯಾವಾಗ ಬರುತ್ತದೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅನ್ನುವುದು ಸುಮಾರು ಗೊತ್ತಿರುವ ವಿಷಯ.

ನಾಲ್ಕು ತಿಂಗಳು ಅಂದರೆ ದಾರಿಯ ಮಧ್ಯ. ಮೇಲಿನ ಚರ್ಮ ಎರಡು ವಾರಕ್ಕೆ ಕೂಡಿಕೊಳ್ಳುತ್ತದೆ, ಅದನ್ನು ನೋಡಿ ಒಳಗೂ ಹಾಗೇ ಅಂದುಕೊಳ್ಳುತ್ತೇವೆ. ಒಳಗಿನ ಊತ ಆರು ತಿಂಗಳವರೆಗೂ ಉಳಿಯಬಹುದು. ಕಾಲಿಗೆ ಶಕ್ತಿ ಬರುವುದು ಒಂದು ವರ್ಷದವರೆಗೂ ನಡೆದೇ ಇರುತ್ತದೆ. ಇನ್ನೊಂದು ಮಾತು. ಡಾಕ್ಟರು ಕೀಲನ್ನು ಬದಲಿಸಿದರು, ಸುತ್ತ ಇರುವ ಮಾಂಸಖಂಡ ಅದೇ ಹಳೆಯದು. ಆರು ವರ್ಷ ಕುಂಟಿದ್ದೀರಿ, ಅಷ್ಟು ದಿನ ಕುಂಡೆಯ ಪಕ್ಕದ ಖಂಡ ಕೆಲಸವಿಲ್ಲದೆ ಸೊರಗಿದೆ. ಹೊಸ ಕೀಲು ಬಂದ ಮಾರನೇ ದಿನವೇ ಅದು ಮೈ ಭಾರ ಹೊರಬೇಕು ಅಂದರೆ ಹೇಗೆ? ನಿಮ್ಮ ನೋವಿನಲ್ಲಿ ಹೆಚ್ಚಿನ ಪಾಲು ಇದೇ ಇರಬಹುದು.

ಈಗ ಒಂದೊಂದೇ ನೋಡೋಣ. ಎದ್ದಾಗ ತೊಡೆ ಹಿಡಿಯುವುದು. ಸಿಮೆಂಟ್ ಇಲ್ಲದ ಕೀಲಿನಲ್ಲಿ ಲೋಹದ ಒಂದು ಕಡ್ಡಿಯನ್ನು ತೊಡೆಮೂಳೆಯ ಪೊಳ್ಳಿನಲ್ಲಿ ಬಿಗಿಯಾಗಿ ಇಳಿಸಿರುತ್ತಾರೆ. ಅದರ ಮೈ ತರಿತರಿಯಾಗಿರುತ್ತದೆ, ಮೂಳೆ ಅದರೊಳಕ್ಕೆ ಬೆಳೆದು ಹಿಡಿದುಕೊಳ್ಳಬೇಕು, ಅದಕ್ಕೆ ತಿಂಗಳುಗಳೇ ಬೇಕು. ಭಾರ ಬಿದ್ದಾಗ ಮೂಳೆ ಕೂದಲೆಳೆಯಷ್ಟು ಬಾಗುತ್ತದೆ, ಲೋಹ ಹಾಗೆ ಬಾಗುವುದಿಲ್ಲ. ಹಾಗಾಗಿ ಕಡ್ಡಿಯ ತುದಿ ಬರುವ ಜಾಗದಲ್ಲಿ, ನಡುತೊಡೆಯಲ್ಲಿ, ಮೊದಲ ಹೆಜ್ಜೆಗಳಿಗೆ ನೋವು ಬರುತ್ತದೆ. ತುಂಬಾ ಜನಕ್ಕೆ ವರ್ಷದೊಳಗೆ ಇಳಿದುಹೋಗುತ್ತದೆ. ನೀವು ಮಾಡಬೇಕಾದದ್ದು ಇಷ್ಟೇ. ಏಳುವ ಮುಂಚೆ ಕೂತಲ್ಲೇ ಮಂಡಿಯನ್ನು ಹತ್ತು ಸಲ ನೀಡಿ ಮಡಿಚಿ. ಎದ್ದ ಮೇಲೆ ತಕ್ಷಣ ಹೆಜ್ಜೆ ಇಡಬೇಡಿ. ಕುರ್ಚಿ ಹಿಡಿದು ನಿಂತು, ಭಾರವನ್ನು ಆ ಕಾಲಿಗೊಮ್ಮೆ ಈ ಕಾಲಿಗೊಮ್ಮೆ ಹಾಕಿ, ಹತ್ತು ಎಣಿಸಿ, ಆಮೇಲೆ ಹೊರಡಿ.

ಬಲ ಮಗ್ಗುಲು. ತೊಡೆಯ ಪಕ್ಕದಲ್ಲಿ ಕೈಗೆ ಸಿಗುವ ಉಬ್ಬಿದ ಮೂಳೆ ಇದೆಯಲ್ಲ, ಅದರ ಮೇಲೆ ಒಂದು ನೀರಿನ ಚೀಲದಂಥ ಪೊರೆ ಇರುತ್ತದೆ, ಖಂಡವನ್ನು ಮೂಳೆಗೆ ಕಟ್ಟುವ ಹುರಿಗಳೂ ಅಲ್ಲೇ ಬಂದು ಕೂಡುತ್ತವೆ. ಅದು ಕೆರಳಿದರೆ ಆ ಮಗ್ಗುಲಿಗೆ ಮಲಗಲು ಬಿಡುವುದಿಲ್ಲ. ಸದ್ಯಕ್ಕೆ ಬೆನ್ನ ಮೇಲೆ ಮಲಗಿ, ಇಲ್ಲವೇ ಎಡ ಮಗ್ಗುಲಿಗೆ. ಎಡಕ್ಕೆ ಮಲಗುವಾಗ ಮಂಡಿ ಮಧ್ಯೆ ಒಂದು ದಿಂಬು ಸಾಲದು. ನಮ್ಮ ಕಡೆಯ ಗಟ್ಟಿ ಹತ್ತಿ ದಿಂಬು ಎರಡು ತೆಗೆದುಕೊಂಡು ತೊಡೆಯಿಂದ ಹಿಮ್ಮಡಿವರೆಗೂ ಉದ್ದಕ್ಕೆ ಇಡಿ. ಪಾದ ಜೋತುಬಿದ್ದರೆ ಸೊಂಟ ತಿರುಗುತ್ತದೆ, ರಾತ್ರಿಯೆಲ್ಲ ಎಳೆಯುತ್ತದೆ. ಹಗಲಲ್ಲಿ ಕಿಟಕಿ ಸರಳು ಹಿಡಿದು ನೆಟ್ಟಗೆ ನಿಂತು ಬಲಗಾಲನ್ನು ನಿಧಾನವಾಗಿ ಪಕ್ಕಕ್ಕೆ ಎತ್ತಿ ಇಳಿಸಿ, ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಮೈ ವಾಲಬಾರದು. ವ್ಯಾಯಾಮ ಮಾಡಿದಾಗ ಸ್ವಲ್ಪ ನೋಯುತ್ತದೆ, ಅದಕ್ಕೆ ಬಿಡಬೇಡಿ. ಮಾರನೇ ಬೆಳಗ್ಗೆ ಹೊತ್ತಿಗೆ ಆ ನೋವು ಇಳಿದಿದ್ದರೆ ಮುಂದುವರಿಸಿ. ಇಳಿಯದಿದ್ದರೆ ಅವತ್ತು ಅರ್ಧ ಮಾಡಿ.

ತೊಡೆಸಂದಿನ ಚುಳುಕು ಕಾಲು ಮೇಲೆತ್ತುವ ಖಂಡದ್ದು ಇರಬಹುದು, ಅದು ಹೊಸ ಕೀಲಿನ ಬಟ್ಟಲಿನ, ಅಂದರೆ ತೊಡೆಮೂಳೆಯ ಗುಂಡು ಕೂರುವ ಕುಳಿಯ, ಅಂಚಿನ ಮುಂದೆಯೇ ಹಾದುಹೋಗುತ್ತದೆ. ನಮ್ಮ ಬಸ್ಸಿನ ಮೊದಲ ಮೆಟ್ಟಿಲು ಎತ್ತರ, ಒಳ್ಳೆಯ ಕಾಲಿನವರಿಗೇ ಕಷ್ಟ. ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು. ಮನೆ ಮೆಟ್ಟಿಲಿಗೂ ಇದೇ ಲೆಕ್ಕ. ಇನ್ನೂ ಎರಡು ತಿಂಗಳಾದರೂ ಅದು ಕಡಿಮೆಯಾಗದಿದ್ದರೆ ಡಾಕ್ಟರಿಗೆ ಇದನ್ನೇ ಪ್ರತ್ಯೇಕವಾಗಿ ತೋರಿಸಿ, "ಸೊಂಟ ನೋವು" ಅಂತ ಒಟ್ಟಿಗೆ ಹೇಳಿಬಿಡಬೇಡಿ.

ಕಾಲು ಉದ್ದವಾದ ಹಾಗೆ ಅನಿಸುವುದು ತುಂಬಾ ಜನಕ್ಕೆ ಆಗುತ್ತದೆ. ಕೀಲು ಸವೆದು ಆ ಕಾಲು ಗಿಡ್ಡವಾಗಿತ್ತು. ಆರು ವರ್ಷ ಅದಕ್ಕೆ ಸರಿಯಾಗಿ ಸೊಂಟವೇ ವಾಲಿಕೊಂಡಿತ್ತು. ಈಗ ಕಾಲು ಮೊದಲಿನ ಅಳತೆಗೆ ಬಂದಿದೆ, ಸೊಂಟ ಇನ್ನೂ ಬಂದಿಲ್ಲ. ಆರು ತಿಂಗಳು ತುಂಬುವ ತನಕ ಚಪ್ಪಲಿ ಅಟ್ಟೆ ಏರಿಸಲು ಹೋಗಬೇಡಿ. ಆಮೇಲೂ ಹಾಗೇ ಅನಿಸಿದರೆ ಅಳತೆ ಮಾಡಿಸಿ. ಒಂದು ಸೆಂಟಿಮೀಟರ್ ಒಳಗಿನ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಮೈ ತಾನೇ ಒಗ್ಗಿಕೊಳ್ಳುತ್ತದೆ.

ಪುತ್ತೂರಿನ ಮಾತು. ಕೈ ಮೂಳೆ ಮುರಿದರೆ ನಮ್ಮ ಕಡೆಯವರು ಅಲ್ಲಿಗೆ ಹೋಗುವುದು ಹಿಂದಿನಿಂದ ಬಂದದ್ದು, ಅದರ ಬಗ್ಗೆ ನಾನು ಜಗಳಕ್ಕೆ ಬರುವುದಿಲ್ಲ. ಆದರೆ ನಿಮ್ಮ ಒಳಗಿರುವುದು ಬಟ್ಟಲು, ಗುಂಡು. ಯಾರಾದರೂ ಕಾಲು ಮಡಿಚಿ ತಿರುಚಿದರೆ ಗುಂಡು ಬಟ್ಟಲಿನಿಂದ ಆಚೆ ಬರಬಹುದು. ದಯವಿಟ್ಟು ಬೇಡ. ಗಾಯದ ಗೆರೆ ಪೂರ್ತಿ ಒಣಗಿರುವುದರಿಂದ ಅದರ ಮೇಲೆ ಮಾತ್ರ ಕೊಬ್ಬರಿ ಎಣ್ಣೆ ಹಚ್ಚಿ ಹೆಬ್ಬೆರಳಲ್ಲಿ ಮೆತ್ತಗೆ ಐದು ನಿಮಿಷ ಒತ್ತಿ, ಎಳೆದ ಹಾಗಿರುವ ಚರ್ಮ ಸಡಿಲವಾಗುತ್ತದೆ.

ಕೋಲು ಹಿಡಿಯುತ್ತೀರಾ ಅಂತ ಬರೆದಿಲ್ಲ. ಹಿಡಿಯುವುದಾದರೆ ಎಡಗೈಯಲ್ಲಿ. ಹೋದ ತಿಂಗಳು ನಮ್ಮ ರೂಮಿಗೆ ಒಬ್ಬರು ಹಿರಿಯರು ಬಂದರು, ಆಪರೇಷನ್ ಆದ ಕಾಲಿನ ಕಡೆಯೇ ಕೋಲು, ಪ್ರತಿ ಹೆಜ್ಜೆಗೂ ಮೈ ಆ ಕಡೆ ಧೊಪ್ಪೆಂದು ಬೀಳುತ್ತಿತ್ತು. ಕೋಲನ್ನು ಇನ್ನೊಂದು ಕೈಗೆ ಕೊಟ್ಟು, ನೊಂದ ಕಾಲೂ ಕೋಲೂ ಒಟ್ಟಿಗೆ ಮುಂದಿಡಿ ಅಂದೆ. ಹತ್ತು ಹೆಜ್ಜೆಯಲ್ಲಿ ಭುಜ ನೆಟ್ಟಗಾಯಿತು. ಬಾಗಿಲ ಹತ್ತಿರ ನಿಂತಿದ್ದ ಅವರ ಹೆಂಡತಿ "ಇಷ್ಟು ದಿನ ಯಾರೂ ಹೇಳಲೇ ಇಲ್ಲವಲ್ಲಮ್ಮಾ" ಅಂತ ಕಣ್ಣೊರೆಸಿಕೊಂಡರು.

ಡೈರಿಗೆ ಹಾಕಿದ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಮನೆಯಲ್ಲಿ ಇರುತ್ತದೆ ಅಲ್ವಾ? ಅದೇ ಚೌಕದಲ್ಲಿ ರಾತ್ರಿ ಮಲಗುವ ಮುಂಚೆ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹಾಕಿ. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಅಂಕಿ ಏರುತ್ತದೆ, ಅದು ಬೇರೆ. ತಿಂಗಳಿಂದ ತಿಂಗಳಿಗೆ ಇಳಿಯುತ್ತಿದೆಯಾ ಅನ್ನುವುದೇ ಮುಖ್ಯ. ಇಳಿಯುತ್ತಿದ್ದರೆ ತಾಳ್ಮೆ ಇರಲಿ. ಒಂದೇ ಕಡೆ ನಿಂತುಬಿಟ್ಟರೆ, ಏರಿದರೆ, ಅಥವಾ ಹೋಗಿದ್ದ ನೋವು ಮತ್ತೆ ಬಂದರೆ ಆ ಕ್ಯಾಲೆಂಡರನ್ನೇ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ, ಮೊದಲ ಎಕ್ಸ್‌ರೇಯನ್ನೂ ಒಯ್ಯಿರಿ. ಹೊಸದನ್ನು ಅದರ ಪಕ್ಕ ಇಟ್ಟು ನೋಡಿದರೇನೇ ಕೀಲು ಅಲುಗಿದೆಯಾ ಅಂತ ತಿಳಿಯುವುದು.

ಕೆಲವಕ್ಕೆ ಕಾಯುವ ಹಾಗೇ ಇಲ್ಲ. ಮೀನಖಂಡ ಊದಿ ಬಿಗಿಯಾಗಿ ನೋಯುವುದು, ಎದೆನೋವು, ಏದುಸಿರು, ಇವು ರಕ್ತ ಹೆಪ್ಪುಗಟ್ಟಿದ ಗುರುತಾಗಿರಬಹುದು. ಗಾಯದಿಂದ ನೀರು ಅಥವಾ ಕೀವು ಬರುವುದು. ತಟಕ್ಕನೆ ಜೋರು ನೋವು ಬಂದು ಕಾಲು ಗಿಡ್ಡವಾಗಿ ತಿರುಗಿಕೊಂಡು ಊರಲಾಗದೇ ಹೋಗುವುದು, ಅಂದರೆ ಕೀಲು ತಪ್ಪಿರಬಹುದು. ಇವುಗಳಲ್ಲಿ ಯಾವುದಾದರೂ ಆದರೆ ಬೆಳಗಾಗಲಿ ಅಂತ ಕೂರಬೇಡಿ, ಆ ರಾತ್ರಿಯೇ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಮ್ಮನಿಗೆ 68. ಆಪರೇಷನ್ ಆಗಿ ಆರು ವಾರ. ಶುಗರ್, ಬಿಪಿ ಎರಡೂ ಇದೆ. ರಾತ್ರಿ ನಿದ್ದೆ ಇಲ್ಲ, ಸುಮ್ನೆ ಕೂತು ಅಳುತ್ತಾರೆ. ಡಾಕ್ಟರು ಕೊಟ್ಟ ನೋವಿನ ಮಾತ್ರೆ ಮುಗಿಯಿತು. ಮೆಡಿಕಲ್ ಶಾಪಿನವರು "ಇದು ಪವರ್ ಜಾಸ್ತಿ" ಅಂತ ಬೇರೆ ಕೊಟ್ಟಿದ್ದಾರೆ. ಕೊಡಬಹುದಾ?
(ಮುಳಬಾಗಿಲು)

ಉತ್ತರ: ಕೊಡಬೇಡಿ. ಮಾತ್ರೆಯ ಚೀಟಿಯನ್ನು ಮೊದಲು ಡಾಕ್ಟರಿಗೆ ತೋರಿಸಿ. ಶುಗರ್, ಬಿಪಿ ಇರುವ ವಯಸ್ಸಾದವರಿಗೆ ಜೋರು ನೋವಿನ ಮಾತ್ರೆಗಳು ಕಿಡ್ನಿಗೂ ಹೊಟ್ಟೆಗೂ ಪೆಟ್ಟು ಕೊಡುತ್ತವೆ, ಬಿಪಿ ಏರಿಸುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ಇನ್ನೂ ನಡೆಯುತ್ತಿದ್ದರೆ ಒಳಗೇ ರಕ್ತ ಸೋರುವ ಅಪಾಯ. ಆ ಮಾತ್ರೆಯಲ್ಲಿ ಸ್ಟೀರಾಯ್ಡ್ ಇದ್ದರಂತೂ ಶುಗರ್ ಏರುತ್ತದೆ, ಸೋಂಕಿಗೂ ದಾರಿಯಾಗುತ್ತದೆ. ಸಾಮಾನ್ಯವಾಗಿ ಪ್ಯಾರಾಸಿಟಮಾಲೇ ಸಾಕಾಗುತ್ತದೆ, ದಿನಕ್ಕೆ ಎಷ್ಟು ಅಂತ ಡಾಕ್ಟರನ್ನು ಕೇಳಿಕೊಳ್ಳಿ. ನೋವು ತಲೆಗೇರಿದ ಮೇಲೆ ನುಂಗುವ ಬದಲು ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ಕೊಟ್ಟರೆ ಅದೇ ಮಾತ್ರೆ ಎರಡು ಕೆಲಸ ಮಾಡುತ್ತದೆ. ವ್ಯಾಯಾಮ ಆದ ಮೇಲೆ ಐಸನ್ನು ಟವಲ್ಲಿನಲ್ಲಿ ಸುತ್ತಿ ಹದಿನೈದು ನಿಮಿಷ ಇಡಿ, ಬರೀ ಚರ್ಮದ ಮೇಲೆ ಬೇಡ.

ಅಳುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆರು ವಾರ ಸರಿಯಾಗಿ ನಿದ್ದೆ ಇಲ್ಲದಿದ್ದರೆ ಯಾರಿಗೂ ಹಾಗೆ ಆಗುತ್ತದೆ. ಮನೆಯೆಲ್ಲ ನೋಡಿಕೊಂಡ ಹೆಂಗಸು ಬಚ್ಚಲಿಗೂ ಇನ್ನೊಬ್ಬರನ್ನು ಕೂಗಬೇಕು ಅಂದರೆ ಅದು ಕಾಲುನೋವಿಗಿಂತ ಹೆಚ್ಚು ಕಾಡುತ್ತದೆ. ಎತ್ತರದ ಕುರ್ಚಿಯಲ್ಲಿ ಕೂರಿಸಿ ಸೊಪ್ಪು ಬಿಡಿಸಲು ಕೊಡಿ, ಅವರೆಕಾಯಿ ಸುಲಿಯಲಿ. ಸಂಜೆ ಜಗುಲಿಯ ಹತ್ತಿರ ಕುರ್ಚಿ ಹಾಕಿ ಕೊಡಿ, ನಾಲ್ಕು ಜನ ಮಾತಾಡಿಸಲಿ. ಹಗಲಲ್ಲಿ ಮಲಗುವುದು ಕಡಿಮೆಯಾದರೆ ರಾತ್ರಿ ನಿದ್ದೆಯೂ ಬರುತ್ತದೆ. ಇನ್ನೆರಡು ವಾರದಲ್ಲೂ ಹೀಗೇ ಇದ್ದರೆ ಡಾಕ್ಟರಿಗೆ ಇದನ್ನೂ ಹೇಳಿ. ಇದೂ ಕಾಯಿಲೆಯ ಭಾಗವೇ.

ಪ್ರಶ್ನೆ: ನಿವೃತ್ತ ಮೇಷ್ಟ್ರು ನಾನು. ಹತ್ತು ತಿಂಗಳಾಯಿತು, ನೋವಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮುದ್ದೆ ಉಣ್ಣುವ ಆಸೆ. ಕೂರಬಹುದೇ?
(ಕೋಲಾರ)

ಉತ್ತರ: ಮೇಷ್ಟ್ರೇ, ಇದನ್ನು ನಾನು ಹೇಳಲಾರೆ. ಹಿಂದಿನಿಂದ ಕೊಯ್ದಿದ್ದಾರಾ, ಮುಂದಿನಿಂದಲಾ, ಯಾವ ಕೀಲು ಹಾಕಿದ್ದಾರೆ ಅನ್ನುವುದರ ಮೇಲೆ ನಿಮ್ಮ ಡಾಕ್ಟರೇ ಹೇಳಬೇಕು. ಹೆಚ್ಚಿನವರು ಕುಕ್ಕರುಗಾಲಲ್ಲಿ ಕೂರುವುದನ್ನು, ಮಂಡಿಗಿಂತ ತಗ್ಗಿನ ಆಸನವನ್ನು ಬೇಡ ಅನ್ನುತ್ತಾರೆ. ಕೇಳದೆ ಪ್ರಯತ್ನ ಮಾಡಬೇಡಿ. ಅಲ್ಲಿಯವರೆಗೂ ಮುದ್ದೆ ಮೇಜಿನ ಮೇಲೆ ಇರಲಿ, ಬಸ್ಸಾರಿನ ರುಚಿಯೇನೂ ಕೆಡುವುದಿಲ್ಲ.

ಪ್ರಶ್ನೆ: ಮಾವಿನ ತೋಟ ಮಾಡಿಕೊಂಡಿದ್ದೇನೆ, 63 ವರ್ಷ. ಆಪರೇಷನ್ ಆಗಿ ಮೂರು ವರ್ಷ ಏನೂ ತೊಂದರೆ ಇರಲಿಲ್ಲ. ಎರಡು ತಿಂಗಳ ಹಿಂದೆ ಕಾಲಲ್ಲಿ ಮುಳ್ಳು ಮುರಿದು ಕೀವಾಗಿ ವಾಸಿಯಾಯಿತು. ಈಗ ಒಂದು ತಿಂಗಳಿಂದ ತೊಡೆಸಂದು ಸುಮ್ಮನೆ ಮಲಗಿದ್ದರೂ ನೋಯುತ್ತದೆ, ಸಂಜೆ ಮೈ ಬೆಚ್ಚಗಾಗುತ್ತದೆ. ವ್ಯಾಯಾಮ ತಿಳಿಸಿ.
(ಶ್ರೀನಿವಾಸಪುರ)

ಉತ್ತರ: ಯಜಮಾನರೇ, ನಿಮಗೆ ವ್ಯಾಯಾಮ ಹೇಳುವುದಿಲ್ಲ. ಮೂರು ವರ್ಷ ಚೆನ್ನಾಗಿದ್ದ ಕೀಲು ಮಲಗಿದ್ದಾಗಲೂ ನೋಯುತ್ತಿದೆ, ಜ್ವರವೂ ಇದೆ ಅಂದರೆ ಒಳಗೆ ಸೋಂಕು ಕೂತಿದೆಯಾ ಅಂತ ಮೊದಲು ನೋಡಬೇಕು. ಕಾಲಿನ ಕೀವಿನಿಂದ ರೋಗಾಣು ರಕ್ತದ ಜೊತೆ ಹೋಗಿ ಲೋಹದ ಕೀಲಿನಲ್ಲಿ ಸೇರಿಕೊಳ್ಳುವುದುಂಟು. ಇಎಸ್‌ಆರ್, ಸಿಆರ್‌ಪಿ ಅಂತ ರಕ್ತ ಪರೀಕ್ಷೆ, ಎಕ್ಸ್‌ರೇ, ಬೇಕಾದರೆ ಕೀಲಿನಿಂದ ನೀರು ತೆಗೆದು ಪರೀಕ್ಷೆ ಮಾಡುತ್ತಾರೆ. ಆಪರೇಷನ್ ಮಾಡಿದ ಡಾಕ್ಟರ ಹತ್ತಿರವೇ ಹೋಗಿ. ಒಂದು ಎಚ್ಚರ, ಅಲ್ಲಿಗೆ ಹೋಗುವ ಮುಂಚೆ ಯಾರ ಮಾತನ್ನೋ ಕೇಳಿ ಆ್ಯಂಟಿಬಯಾಟಿಕ್ ನುಂಗಬೇಡಿ. ನುಂಗಿದರೆ ಪರೀಕ್ಷೆಯಲ್ಲಿ ರೋಗಾಣು ಅಡಗಿಕೊಂಡುಬಿಡಬಹುದು, ಆಮೇಲೆ ಯಾವ ಔಷಧಿ ಕೊಡಬೇಕು ಅಂತ ತಿಳಿಯುವುದೇ ಕಷ್ಟವಾಗುತ್ತದೆ. ಈ ಉತ್ತರ ಅಚ್ಚಾಗಿ ನಿಮ್ಮ ಕೈ ಸೇರುವವರೆಗೆ ಕಾಯುವುದು ಸರಿಯಲ್ಲ ಅಂತ ಪತ್ರ ಓದಿದ ದಿನವೇ ನಿಮ್ಮ ಮನೆಗೆ ಫೋನ್ ಮಾಡಿದೆ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೇ ಕರೆದುಕೊಂಡು ಹೋಗುತ್ತೇನೆ ಅಂತ ನಿಮ್ಮ ಮಗ ಹೇಳಿದ್ದಾರೆ. ಪರೀಕ್ಷೆಯಲ್ಲಿ ಏನು ಬಂತು ಅಂತ ಎರಡು ಸಾಲು ಬರೆಯಿರಿ.