ಅರ್ಜಿ ಹಾಕುವುದು ಸುಲಭವಾಯಿತು, ಓದುವುದು ಕಷ್ಟವಾಯಿತು

ಓದುಗರೊಬ್ಬರ ಪತ್ರದ ಸಾರ ಇಷ್ಟು. ಲೆಕ್ಕಪತ್ರ ವಿಭಾಗದಲ್ಲಿ ಆರು ವರ್ಷದ ಅನುಭವವಿದೆ. ನಡುವೆ ತಂದೆಯವರ ಆರೈಕೆಗೆಂದು ಒಂಬತ್ತು ತಿಂಗಳು ಕೆಲಸ ಬಿಟ್ಟಿದ್ದರು. ಕಳೆದ ಐದು ತಿಂಗಳಲ್ಲಿ ಆನ್‌ಲೈನ್‌ನಲ್ಲಿ 240 ಅರ್ಜಿ ಹಾಕಿದ್ದಾರೆ. ಸಂದರ್ಶನದ ಕರೆ ಬಂದದ್ದು ಎರಡು. ಉಳಿದವಕ್ಕೆ ‘ನಿಮ್ಮ ಅರ್ಜಿ ತಲುಪಿದೆ’ ಎಂಬ ಯಂತ್ರದ ಉತ್ತರ, ಆಮೇಲೆ ಮೌನ. ಅವರ ಪ್ರಶ್ನೆಗಳು ಮೂರು: ನಮ್ಮ ಅರ್ಜಿಯನ್ನು ಮನುಷ್ಯರು ಓದುತ್ತಾರೆಯೇ? ಕೆಲಸಕ್ಕೆ ಜನರೇ ಸಿಗುತ್ತಿಲ್ಲ ಎಂದು ಕಂಪನಿಗಳು ಹೇಳುವುದು ಹೇಗೆ ನಿಜವಾದೀತು? ಒಮ್ಮೆ ಬೇಡವೆಂದ ಕಂಪನಿಗೆ ಮತ್ತೆ ಅರ್ಜಿ ಹಾಕಬಹುದೇ?

ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇವೆ, ಮೊದಲನೆಯದರ ಉತ್ತರ ಅದರೊಳಗೇ ಇದೆ.

ನಿಮ್ಮ ಮಾತೂ ನಿಜ, ಕಂಪನಿಗಳ ಮಾತೂ ನಿಜ. ಹಿಂದೆ ಅರ್ಜಿ ಎಂದರೆ ಟೈಪು, ಲಕೋಟೆ, ಅಂಚೆ, ಒಂದು ಸಂಜೆಯ ಕೆಲಸ. ಅಷ್ಟು ಶ್ರಮಪಟ್ಟವರಿಗೆ ಆ ಕೆಲಸ ನಿಜವಾಗಿ ಬೇಕು ಎಂಬುದು ಆ ಲಕೋಟೆಯಿಂದಲೇ ಗೊತ್ತಾಗುತ್ತಿತ್ತು. ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲೇ ಉದ್ಯೋಗ ಮಾರುಕಟ್ಟೆಯ ‘ಸಂಕೇತ’ಗಳ ಬಗ್ಗೆ ಬರೆದರು: ಎಲ್ಲರಿಗೂ ಒಂದೇ ಸಲೀಸಾಗಿ ಕಳಿಸಲು ಬರುವ ಸಂಕೇತ ಯಾರನ್ನೂ ಯಾರಿಂದಲೂ ಬೇರ್ಪಡಿಸದು. ಒಂದೇ ಒತ್ತಿನಲ್ಲಿ ಅರ್ಜಿ ಹೋಗುವ ಗುಂಡಿ ಬಂದಾಗ ಆದದ್ದು ಇದೇ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಅರ್ಜಿಯ ಜೊತೆಗಿನ ಪತ್ರವನ್ನು ಬರೆಯುವ ಶ್ರಮವೂ ಉಳಿಯಲಿಲ್ಲ.

ಆ ಕಡೆಯ ಮೇಜಿನ ಲೆಕ್ಕ ನೋಡಿ. ಒಂದು ಹುದ್ದೆಗೆ 400 ಅರ್ಜಿ ಬಂತೆನ್ನಿ. ಒಂದೊಂದಕ್ಕೆ ಒಂದು ನಿಮಿಷವೆಂದರೂ 6 ಗಂಟೆ 40 ನಿಮಿಷ. ನೇಮಕಾತಿ ನೋಡಿಕೊಳ್ಳುವ ಒಬ್ಬ ರಿಕ್ರೂಟರ್ ಕೈಯಲ್ಲಿ ಅಂಥ ಹತ್ತು ಹುದ್ದೆಗಳಿದ್ದರೆ 66 ಗಂಟೆ ದಾಟುತ್ತದೆ, ಅದೂ ಬರೀ ಮೊದಲ ಓದಿಗೆ. ಅವರು ಮೇಲಿನಿಂದ ಓದುತ್ತಾ ಬರುತ್ತಾರೆ. ಆರೇಳು ಒಳ್ಳೆಯ ಹೆಸರು ಸಿಕ್ಕ ಕೂಡಲೇ ಫೋನು ಕೈಗೆತ್ತಿಕೊಳ್ಳುತ್ತಾರೆ. ಉಳಿದವನ್ನು ಯಾರೂ ಬೇಡವೆಂದು ಬದಿಗಿಟ್ಟಿರುವುದಿಲ್ಲ, ತೆರೆದೇ ಇರುವುದಿಲ್ಲ. ರಾಶಿ ಬೆಳೆದಷ್ಟೂ ಕಾಳು-ಜೊಳ್ಳು ಬೇರ್ಪಡಿಸಲು ಜರಡಿ ಬಿಗಿಯಾಗುತ್ತದೆ, ಬಿಗಿ ಜರಡಿಯಲ್ಲಿ ಒಳ್ಳೆಯ ಕಾಳೂ ಮೇಲೆ ಉಳಿದುಹೋಗುತ್ತದೆ. ಕರೆ ಬಾರದವರು ಇನ್ನಷ್ಟು ಕಡೆ ಅರ್ಜಿ ಹಾಕುತ್ತಾರೆ, ರಾಶಿ ಮತ್ತೆ ಬೆಳೆಯುತ್ತದೆ. ನಿಮ್ಮ 240 ಅರ್ಜಿಗಳೂ ಹೀಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿವೆ. ಅದು ನಿಮ್ಮ ಅನರ್ಹತೆಯ ತೀರ್ಪಲ್ಲ ಎಂದು ಒತ್ತಿ ಹೇಳಬೇಕಾಗಿದೆ.

ಈಗ ಮೊದಲನೆಯ ಪ್ರಶ್ನೆ. ನೂರಕ್ಕೆ 75 ಅರ್ಜಿಗಳನ್ನು ಯಂತ್ರವೇ ಎಸೆಯುತ್ತದೆ ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದರ ಹಿಂದೆ ನಂಬುವಂಥ ಅಧ್ಯಯನವಿಲ್ಲ. ಎಟಿಎಸ್ ಎಂದು ಕರೆಯುವ ಅರ್ಜಿ ನಿರ್ವಹಣೆಯ ತಂತ್ರಾಂಶ ಮೂಲತಃ ಒಂದು ಕಡತದ ಕಪಾಟು. ನೀವು ಕಳಿಸಿದ ಫೈಲಿನಿಂದ ಅಕ್ಷರಗಳನ್ನು ಎತ್ತಿ ಹೆಸರು, ಫೋನು, ಓದು, ಕೆಲಸ, ಅವಧಿ ಎಂಬ ಖಾನೆಗಳಿಗೆ ಹಂಚುತ್ತದೆ. ರಿಕ್ರೂಟರ್ ಆ ಖಾನೆಗಳಲ್ಲಿ ಪದ ಕೊಟ್ಟು ಹುಡುಕುತ್ತಾರೆ. ಎಡವಟ್ಟು ಆಗುವುದು ಮುಖ್ಯವಾಗಿ ಎರಡು ಜಾಗದಲ್ಲಿ.

ಮೊದಲನೆಯದು ಅಕ್ಷರ ಎತ್ತುವಾಗ. ರೆಸ್ಯೂಮೆಯನ್ನು ಎರಡು ಅಂಕಣದಲ್ಲಿ ಚೆಂದವಾಗಿ ಜೋಡಿಸಿದ್ದರೆ ಕೆಲವು ತಂತ್ರಾಂಶಗಳು ಎಡದ ಸಾಲನ್ನೂ ಬಲದ ಸಾಲನ್ನೂ ಒಂದೇ ಗೆರೆಯಾಗಿ ಓದುತ್ತವೆ. ಕಂಪನಿಯ ಹೆಸರಿನ ಪಕ್ಕಕ್ಕೆ ನಿಮ್ಮ ಹವ್ಯಾಸ ಬಂದು ಕೂರುತ್ತದೆ. ಪುಟದ ಹೆಡರ್‌ನಲ್ಲಿಟ್ಟ ಫೋನ್ ನಂಬರು ಬಿಟ್ಟುಹೋಗಬಹುದು. ಕೌಶಲವನ್ನು ಐದರಲ್ಲಿ ನಾಲ್ಕು ಚುಕ್ಕಿ ಎಂದು ಚಿತ್ರದಲ್ಲಿ ತೋರಿಸಿದರೆ ಯಂತ್ರಕ್ಕೆ ಅಲ್ಲಿ ಏನೂ ಕಾಣುವುದಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಫೋಟೊ. ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದರಂತೂ ಆ ಬದಿಗೆ ಬರುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು.

ಇದನ್ನು ಎರಡು ನಿಮಿಷದಲ್ಲಿ ಪರೀಕ್ಷಿಸಬಹುದು. ಪಿಡಿಎಫ್ ತೆರೆದು ಇಡೀ ಪಠ್ಯವನ್ನು ಆರಿಸಿ, ಕಾಪಿ ಮಾಡಿ, ನೋಟ್‌ಪ್ಯಾಡಿನಲ್ಲಿ ಅಂಟಿಸಿ. ಅಲ್ಲಿ ಯಾವ ಕ್ರಮದಲ್ಲಿ ಕಾಣುತ್ತದೋ ಹೆಚ್ಚುಕಡಿಮೆ ಅದೇ ಯಂತ್ರದ ಓದು. ಏನೂ ಅಂಟದಿದ್ದರೆ ನಿಮ್ಮ ಫೈಲಿನಲ್ಲಿ ಅಕ್ಷರವೇ ಇಲ್ಲ. ಒಂದೇ ಅಂಕಣ, ಸಾಧಾರಣ ಫಾಂಟು, ‘ಅನುಭವ’, ‘ವಿದ್ಯಾಭ್ಯಾಸ’, ‘ಕೌಶಲ’ ಎಂಬ ನೇರ ಶೀರ್ಷಿಕೆಗಳು, ಪ್ರತಿ ಕೆಲಸಕ್ಕೂ ತಿಂಗಳು ಮತ್ತು ವರ್ಷ ಒಂದೇ ರೀತಿಯಲ್ಲಿ: ಇಷ್ಟು ಸಾಕು. ಫೈಲಿಗೆ ‘ರೆಸ್ಯೂಮೆ ಫೈನಲ್ 3’ ಎನ್ನುವ ಬದಲು ನಿಮ್ಮ ಹೆಸರು ಮತ್ತು ಹುದ್ದೆಯನ್ನು ಇಡಿ. ಜಾಹೀರಾತಿನ ಪದಗಳನ್ನು ಬಿಳಿ ಅಕ್ಷರದಲ್ಲಿ ಅಡಗಿಸಿಡುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಎತ್ತಿದ ಪಠ್ಯದಲ್ಲಿ ಅಕ್ಷರದ ಬಣ್ಣ ಉಳಿಯದು. ರಿಕ್ರೂಟರ್ ಪರದೆಯಲ್ಲಿ ಅಷ್ಟೂ ಕಪ್ಪಗೆ ಕಾಣುತ್ತದೆ.

ಎರಡನೆಯ ಜಾಗ ಇನ್ನೂ ಮುಖ್ಯ, ಆದರೆ ಅದರ ಬಗ್ಗೆ ಮಾತಾಡುವವರು ಕಡಿಮೆ. ರೆಸ್ಯೂಮೆ ಹಾಕಿದ ಮೇಲೆ ಬರುವ ಚಿಕ್ಕ ಪ್ರಶ್ನೆಗಳು: ಎಷ್ಟು ವರ್ಷದ ಅನುಭವ, ಊರು ಬದಲಿಸಲು ಸಿದ್ಧರೇ, ಎಷ್ಟು ಸಂಬಳದ ನಿರೀಕ್ಷೆ, ಯಾವಾಗ ಸೇರಬಲ್ಲಿರಿ. ಯಂತ್ರ ತಾನಾಗಿ ನಿಜಕ್ಕೂ ಹೊರಗಿಡುವುದು ಹೆಚ್ಚಾಗಿ ಇಲ್ಲಿಯೇ. ಕಂಪನಿ ‘ಕನಿಷ್ಠ ಐದು’ ಎಂದು ನಿಗದಿಮಾಡಿದ್ದರೆ, ನಾಲ್ಕು ಎಂದವರಿಗೆ ಎರಡೇ ನಿಮಿಷದಲ್ಲಿ ನಿರಾಕರಣೆ ಬಂದೀತು. ನಡುರಾತ್ರಿ ಅರ್ಜಿ ಹಾಕಿದ ತಕ್ಷಣ ‘ವಿಷಾದಿಸುತ್ತೇವೆ’ ಎಂದು ಬಂದಿದ್ದರೆ ರೆಸ್ಯೂಮೆಯನ್ನು ಶಂಕಿಸುವ ಮೊದಲು ಈ ಉತ್ತರಗಳನ್ನು ನೆನಪಿಸಿಕೊಳ್ಳಿ. ವಾರ್ಷಿಕ ಸಂಬಳ ಕೇಳಿದ ಕಡೆ ತಿಂಗಳದ್ದು ಬರೆಯುವುದು, ಮೊದಲೇ ಆಯ್ಕೆಯಾಗಿರುವ ‘ಇಲ್ಲ’ವನ್ನು ಬದಲಿಸದೆ ಮುಂದೆ ಹೋಗುವುದು, ಎರಡು ಕಡೆಯ ಅನುಭವವನ್ನು ಕೂಡಿಸದೆ ಕೊನೆಯದನ್ನು ಮಾತ್ರ ಬರೆಯುವುದು, ಇವೇ ಪದೇಪದೇ ಆಗುವ ತಪ್ಪುಗಳು. ಸುಳ್ಳು ಬರೆಯಿರಿ ಎನ್ನುತ್ತಿಲ್ಲ. ಅವಸರದಲ್ಲಿ ನಿಮಗೆ ನೀವೇ ಅನ್ಯಾಯ ಮಾಡಿಕೊಳ್ಳಬೇಡಿ.

ನಿಮ್ಮ ಒಂಬತ್ತು ತಿಂಗಳ ಬಿಡುವಿನ ವಿಷಯ ಹೇಳಲೇಬೇಕು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಸಲಹಾ ಕಂಪನಿ ಆಕ್ಸೆಂಚರ್ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಮೀಕ್ಷೆಗೆ ಸಿಕ್ಕ ಕಂಪನಿಗಳಲ್ಲಿ ಅರ್ಧದಷ್ಟು ಆರು ತಿಂಗಳಿಗೂ ಹೆಚ್ಚಿನ ಬಿಡುವು ಇದ್ದವರನ್ನು ಜರಡಿಯಲ್ಲೇ ತಡೆಯುತ್ತಿದ್ದವು, ಬಿಡುವಿನ ಕಾರಣ ಏನೇ ಇರಲಿ. ಹುದ್ದೆಯ ಪಟ್ಟಿಗೆ ಅಕ್ಷರಶಃ ಹೊಂದದ ಕಾರಣಕ್ಕೆ ಅರ್ಹರೂ ಹೊರಬೀಳುತ್ತಿದ್ದಾರೆ ಎಂದು ಅದೇ ಸಮೀಕ್ಷೆಯಲ್ಲಿ ಶೇ. 88ರಷ್ಟು ಉದ್ಯೋಗದಾತರು ಒಪ್ಪಿಕೊಂಡರು. ಜನ ಸಿಗುತ್ತಿಲ್ಲ ಎಂದು ಗೋಳಿಡುವವರು ತಮ್ಮ ಬಾಗಿಲನ್ನು ತಾವೇ ಮುಚ್ಚಿಕೊಂಡಿದ್ದಾರೆ ಎಂದಾಯಿತು. ನಿಮ್ಮ ಕಡೆಯಿಂದ ಮಾಡಬಹುದಾದದ್ದು, ಆ ಅವಧಿಯನ್ನು ಖಾಲಿ ಬಿಡದೆ ಒಂದು ಕೆಲಸದ ನಮೂದಿನಂತೆಯೇ ತೋರಿಸುವುದು: ‘ಕುಟುಂಬದ ಆರೈಕೆ’ ಎಂಬ ಶೀರ್ಷಿಕೆ, ತಿಂಗಳು-ವರ್ಷ, ಆ ಹೊತ್ತಿನಲ್ಲಿ ಏನಾದರೂ ಕಲಿತಿದ್ದರೆ ಒಂದು ಸಾಲು. ಉದ್ಯೋಗ ಸಂಪರ್ಕದ ಜಾಲತಾಣ ಲಿಂಕ್ಡ್‌ಇನ್ 2022ರಲ್ಲಿ ಇದಕ್ಕೆಂದೇ ಬೇರೆ ಜಾಗ ಮಾಡಿಕೊಟ್ಟಿತು. ವಿವರಣೆಯ ಅಗತ್ಯವಿಲ್ಲ, ಕ್ಷಮೆಯ ಅಗತ್ಯವಂತೂ ಇಲ್ಲವೇ ಇಲ್ಲ.

ಯಂತ್ರಕ್ಕೆ ಅಂಕ ಕೊಡುವ ಕೆಲಸವನ್ನೂ ಒಪ್ಪಿಸಿದರೆ ಏನಾದೀತು ಎಂಬುದಕ್ಕೆ ಅಮೆಜಾನ್‌ನ ಪ್ರಯೋಗ ಸಾಕ್ಷಿ. ಹತ್ತು ವರ್ಷಗಳಲ್ಲಿ ಬಂದ ರೆಸ್ಯೂಮೆಗಳನ್ನು ತೋರಿಸಿ ತಂತ್ರಾಂಶಕ್ಕೆ ಕಲಿಸಿದ್ದರು. ಅವುಗಳಲ್ಲಿ ಗಂಡಸರದೇ ಬಹುಪಾಲು. ಹಾಗಾಗಿ ‘ಮಹಿಳಾ’ ಎಂಬ ಪದವಿದ್ದ ರೆಸ್ಯೂಮೆಗಳಿಗೆ ಅದು ಅಂಕ ಕಡಿಮೆ ಮಾಡಲು ಕಲಿತಿತು. ಕಂಪನಿ ಅದನ್ನು ಕೈಬಿಟ್ಟ ಸಂಗತಿ 2018ರಲ್ಲಿ ರಾಯಿಟರ್ಸ್ ವರದಿಯಿಂದ ಹೊರಬಂತು. ಈಗ ನ್ಯೂಯಾರ್ಕ್ ನಗರದಲ್ಲಿ ಇಂಥ ಸಾಧನ ಬಳಸುವವರು ಪಕ್ಷಪಾತದ ಪರಿಶೋಧನೆ ಮಾಡಿಸಬೇಕೆಂಬ ಕಾನೂನು 2023ರ ಜುಲೈನಿಂದ ಜಾರಿಯಲ್ಲಿದೆ. ಐರೋಪ್ಯ ಒಕ್ಕೂಟದ 2024ರ ಎಐ ಕಾಯ್ದೆ ನೇಮಕಾತಿಯನ್ನು ಹೆಚ್ಚಿನ ಅಪಾಯದ ಬಳಕೆಗಳ ಸಾಲಿಗೆ ಸೇರಿಸಿದೆ.

ಈ ಅಂಕಣವನ್ನು ಉದ್ಯೋಗ ಕೊಡುವವರೂ ಓದುತ್ತಾರೆ. ಅವರಿಗೆ ನಮ್ಮ ಮೊದಲ ಕೋರಿಕೆ: ವಾರಕ್ಕೊಮ್ಮೆ, ಜರಡಿ ಹೊರಹಾಕಿದ ರಾಶಿಯಿಂದ ಕಣ್ಣುಮುಚ್ಚಿ 25 ಅರ್ಜಿ ಎತ್ತಿ, ಆ ಕೆಲಸವನ್ನು ಬಲ್ಲ ಒಬ್ಬರಿಂದ ಓದಿಸಿ. ಅದರಲ್ಲಿ ಸಂದರ್ಶನಕ್ಕೆ ಕರೆಯಬಹುದಾದವರು ಮೂರು ಜನ ಸಿಕ್ಕರೂ ನಿಮ್ಮ ಜರಡಿ ತಪ್ಪಾಗಿದೆ, ಯಾವ ಷರತ್ತು ಅವರನ್ನು ತಡೆಯಿತು ಎಂದು ಹುಡುಕಿ. ಜಾಹೀರಾತಿನಲ್ಲಿ ಕಡ್ಡಾಯವಾದವು ನಾಲ್ಕೈದಕ್ಕಿಂತ ಹೆಚ್ಚು ಬೇಡ. ಆರು ತಿಂಗಳಲ್ಲಿ ಕಲಿಯಬಹುದಾದದ್ದು ಕಡ್ಡಾಯವಲ್ಲ. ಸಂಬಳದ ವ್ಯಾಪ್ತಿ, ಕೊನೆಯ ದಿನಾಂಕ, ಎಷ್ಟು ಸುತ್ತಿನ ಸಂದರ್ಶನ ಎಂಬುದನ್ನು ಬರೆದರೆ ಹೊಂದದವರು ತಾವಾಗಿ ದೂರ ಉಳಿಯುತ್ತಾರೆ. ರೆಸ್ಯೂಮೆ ಅಪ್‌ಲೋಡ್ ಮಾಡಿಸಿಕೊಂಡು ಅದರಲ್ಲಿರುವುದನ್ನೇ ಮತ್ತೆ ಇಪ್ಪತ್ತು ಖಾನೆಯಲ್ಲಿ ತುಂಬಿಸುವ ಫಾರ್ಮ್‌ನಿಂದ ಯಾರಿಗೂ ಲಾಭವಿಲ್ಲ. ಬೇರೆ ಕಡೆ ಅವಕಾಶವಿರುವ ಒಳ್ಳೆಯ ಅಭ್ಯರ್ಥಿಯೇ ಮೊದಲು ಎದ್ದುಹೋಗುವುದು. ಎರಡನೆಯ ಹೆಸರು ಕಡ್ಡಾಯವೆಂದು ಹಟ ಹಿಡಿಯುವ ಖಾನೆಯನ್ನಂತೂ ತೆಗೆದುಬಿಡಿ, ಸರ್‌ನೇಮ್ ಇಲ್ಲದೆ ಒಂದೇ ಒಂದು ಹೆಸರಿರುವವರು ಜಗತ್ತಿನಲ್ಲಿ ಬಹಳ ಮಂದಿ ಇದ್ದಾರೆ. ಬದಲಿಗೆ ಆ ಕೆಲಸಕ್ಕೇ ಸಂಬಂಧಿಸಿದ ಒಂದು ಪ್ರಶ್ನೆ ಕೇಳಿ, 150 ಪದದ ಉತ್ತರ ಸಾಕು. ಹುದ್ದೆ ತುಂಬಿದ ದಿನವೇ ಜಾಹೀರಾತು ಇಳಿಸಿ, ಉಳಿದವರಿಗೆ ತಿಳಿಸಿ. ಒಂದು ಸಾಲಿನ ‘ಇಲ್ಲ’ ಕೂಡ ಮೌನಕ್ಕಿಂತ ಮರ್ಯಾದೆಯದು.

ಮತ್ತೆ ನಿಮ್ಮ ಕಡೆಗೆ. ಅರ್ಜಿಗೆ ಕಳೆದುಹೋದ ತೂಕವನ್ನು ಮರಳಿ ಕೊಡುವುದೇ ನಮ್ಮ ಸಲಹೆಯ ತಿರುಳು. ಅಮೆರಿಕದ ಅರ್ಥಶಾಸ್ತ್ರ ಸಂಘ 2006ರಿಂದ ಒಂದು ಏರ್ಪಾಟು ನಡೆಸುತ್ತಿದೆ: ಕೆಲಸ ಹುಡುಕುವ ಅರ್ಥಶಾಸ್ತ್ರಜ್ಞರು ಎಷ್ಟು ಕಡೆ ಬೇಕಾದರೂ ಅರ್ಜಿ ಹಾಕಬಹುದು, ಆದರೆ ‘ನಿಮ್ಮಲ್ಲಿ ನನಗೆ ವಿಶೇಷ ಆಸಕ್ತಿ’ ಎಂಬ ಸೂಚನೆಯನ್ನು ಇಬ್ಬರಿಗೆ ಮಾತ್ರ ಕಳಿಸಬಹುದು. ಎರಡೇ ಇರುವುದರಿಂದ ಅದಕ್ಕೆ ಬೆಲೆ. ನಿಮಗೆ ಅಂಥ ಏರ್ಪಾಟು ಇಲ್ಲ, ನೀವೇ ಮಿತಿ ಹಾಕಿಕೊಳ್ಳಬೇಕು. ವಾರಕ್ಕೆ ಐದು ಅರ್ಜಿ, ಒಂದೊಂದಕ್ಕೆ ಒಂದೂವರೆ ಗಂಟೆ.

ಆ ಒಂದೂವರೆ ಗಂಟೆಯಲ್ಲಿ ಮೊದಲು ಹುದ್ದೆ ಜೀವಂತವಿದೆಯೇ ನೋಡಿ. ಪೋರ್ಟಲಿನಲ್ಲಿ ಕಂಡದ್ದು ಕಂಪನಿಯ ಸ್ವಂತ ತಾಣದಲ್ಲಿಯೂ ಇರಬೇಕು, ಅಲ್ಲಿಲ್ಲದಿದ್ದರೆ ಬಿಡಿ. ಅಲ್ಲಿಂದಲೇ ಅರ್ಜಿ ಹಾಕಿ, ಪ್ರಕಟವಾದ ಎರಡು-ಮೂರು ದಿನದೊಳಗೆ, ಏಕೆಂದರೆ ಓದುವವರು ಎಲ್ಲಿ ನಿಲ್ಲಿಸುತ್ತಾರೆಂದು ಮೇಲೆ ಹೇಳಿದೆವು. ಜಾಹೀರಾತನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ. ಸಂದರ್ಶನದ ಹೊತ್ತಿಗೆ ಅದನ್ನು ತೆಗೆದುಹಾಕಿರುತ್ತಾರೆ, ಏನು ಕೇಳಿದ್ದರೆಂಬುದು ನೆನಪಿರುವುದಿಲ್ಲ. ಆಮೇಲೆ ರೆಸ್ಯೂಮೆಯ ಮೊದಲ ಅರ್ಧ ಪುಟವನ್ನು ಆ ಹುದ್ದೆಗೆ ತಿದ್ದಿ. ‘ಬಿಲ್ ಪಾವತಿ ನೋಡಿಕೊಳ್ಳುತ್ತಿದ್ದೆ’ ಎಂಬ ಸಾಲು ಯಾವ ಹುಡುಕಾಟದಲ್ಲೂ ಸಿಗದು. ‘ಅಕೌಂಟ್ಸ್ ಪೇಯಬಲ್, ಎಸ್‌ಎಪಿ, ತಿಂಗಳಿಗೆ ಇಷ್ಟು ಬಿಲ್, ತಿಂಗಳ ಕೊನೆಯ ಲೆಕ್ಕ ಮುಗಿಸುವ ಅವಧಿ ಇಷ್ಟರಿಂದ ಇಷ್ಟಕ್ಕೆ ಇಳಿಕೆ’ ಎಂದು ಕೆಲಸದ ಹೆಸರು, ಬಳಸಿದ ತಂತ್ರಾಂಶದ ಹೆಸರು ಹಿಡಿದು ಬರೆದರೆ ಯಂತ್ರಕ್ಕೂ ಸಿಗುತ್ತದೆ, ಮನುಷ್ಯರಿಗೂ ಹಿಡಿಸುತ್ತದೆ. ಸಂಕ್ಷಿಪ್ತ ರೂಪ ಮತ್ತು ಪೂರ್ಣ ರೂಪ ಎರಡನ್ನೂ ಒಮ್ಮೊಮ್ಮೆ ಬರೆಯಿರಿ. ಪತ್ರವನ್ನು ಎಐನಿಂದ ಬರೆಸಿ ಹಾಗೇ ಕಳಿಸಬೇಡಿ, ಒಂದೇ ಹುದ್ದೆಗೆ ಒಂದೇ ಧಾಟಿಯ ಮೂವತ್ತು ಪತ್ರ ಓದಿದವರಿಗೆ ಅದು ಮೊದಲ ಸಾಲಿನಲ್ಲೇ ತಿಳಿಯುತ್ತದೆ. ಕಾಗುಣಿತ ತಿದ್ದಿಸಿಕೊಳ್ಳಲು ಅಡ್ಡಿಯಿಲ್ಲ.

ಉಳಿದ ಅರ್ಧ ಗಂಟೆ ಆ ಕಂಪನಿಯಲ್ಲಿ ಪರಿಚಯದವರನ್ನು ಹುಡುಕಲು. ಹತ್ತಿರದ ಗೆಳೆಯರೇ ಆಗಬೇಕಿಲ್ಲ. ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಹೊಸ ಕೆಲಸಕ್ಕೆ ಹೆಚ್ಚು ನೆರವಾದದ್ದು ಆಪ್ತರಿಗಿಂತ ತುಸು ದೂರದ ಪರಿಚಯ. ಹಿಂದೆ ಜೊತೆಗಿದ್ದು ಬೇರೆ ಕಡೆ ಹೋದ ಸಹೋದ್ಯೋಗಿ, ಹಳೆಯ ಲೆಕ್ಕ ಪರಿಶೋಧಕರು, ಅಂಥವರು. ಅವರಿಗೆ ಐದು ಸಾಲು ಬರೆಯಿರಿ, ಹುದ್ದೆಯ ಕೊಂಡಿ ಸೇರಿಸಿ. ‘ಕೆಲಸ ಕೊಡಿಸಿ’ ಎನ್ನಬೇಡಿ. ಆ ವಿಭಾಗ ಹೇಗಿದೆ ಎಂದು ಕೇಳಿ.

ಒಂದು ಪಟ್ಟಿಯಲ್ಲಿ ದಿನಾಂಕ, ಹುದ್ದೆ, ಯಾವ ರೆಸ್ಯೂಮೆ ಕಳಿಸಿದಿರಿ, ಯಾರ ಮೂಲಕ, ಏನಾಯಿತು ಎಂದು ಗುರುತಿಡಿ. ಹತ್ತು ಕೆಲಸದ ದಿನಗಳಾದ ಮೇಲೆ ಒಂದೇ ಒಂದು ನೆನಪಿನ ಪತ್ರ ಸಾಕು. ಇಂಥ ಮೂವತ್ತು ಅರ್ಜಿಗಳಿಗೂ ಕರೆ ಬಾರದಿದ್ದರೆ ರೆಸ್ಯೂಮೆಯನ್ನೋ ಹುದ್ದೆಯ ಮಟ್ಟವನ್ನೋ ಬದಲಿಸಿ. ಕರೆ ಬಂದು ಮುಂದೆ ಹೋಗದಿದ್ದರೆ ಸಂದರ್ಶನದ ತಯಾರಿ ನೋಡಿ. ಅರ್ಜಿಯ ಹಂತದಲ್ಲೇ ನೋಂದಣಿ ಶುಲ್ಕ, ಬ್ಯಾಂಕ್ ವಿವರ, ಒಟಿಪಿ, ಗುರುತಿನ ಚೀಟಿಯ ಪ್ರತಿ ಕೇಳುವವರು ವಂಚಕರೆಂದೇ ತಿಳಿಯಿರಿ.

ಮೂರನೆಯ ಪ್ರಶ್ನೆ: ಹೌದು, ಮತ್ತೆ ಹಾಕಬಹುದು. ಹಳೆಯ ಇಮೇಲ್ ವಿಳಾಸವನ್ನೇ ಬಳಸಿ. ಹೊಸದು ಕೊಟ್ಟರೆ ಒಬ್ಬರ ಹೆಸರಲ್ಲಿ ಎರಡು ದಾಖಲೆಯಾಗಿ ಗೊಂದಲ. ನಿಮ್ಮ ಹಳೆಯ ಅರ್ಜಿಗಳೆಲ್ಲ ಆ ಕಂಪನಿಯ ಪರದೆಯಲ್ಲಿ ಒಂದೇ ಪಟ್ಟಿಯಾಗಿ ಕಾಣುವುದರಿಂದ, ಒಂದೇ ಕಡೆ ಎಂಟು ಬೇರೆಬೇರೆ ಹುದ್ದೆಗೆ ಹಾಕಿದ್ದರೆ ಅದೂ ಕಾಣುತ್ತದೆ. ಎರಡಕ್ಕಿಂತ ಹೆಚ್ಚು ಬೇಡ. ಸಂದರ್ಶನಕ್ಕೆ ಕರೆದಿದ್ದ ಆ ಎರಡು ಕಂಪನಿಗಳಿಂದಲೇ ಶುರು ಮಾಡಿ. 240ರಲ್ಲಿ ನಿಮ್ಮನ್ನು ಮನುಷ್ಯರು ಓದಿದ್ದು ಖಚಿತವಾಗಿ ಅಲ್ಲಿಯೇ, ನಿಮ್ಮ ಮುಖ ಕಂಡವರೂ ಅಲ್ಲಿದ್ದಾರೆ. ಸಂದರ್ಶನ ಮಾಡಿದವರಿಗೆ ಈ ವಾರವೇ ನಾಲ್ಕು ಸಾಲು ಬರೆದು, ವಿಭಾಗದಲ್ಲಿ ಹೊಸ ಹುದ್ದೆ ತೆರೆದಿದೆಯೇ ಎಂದು ಕೇಳಿ.