ಟೆಕ್ಸಾಸ್ ಹೈಸ್ಕೂಲಿನಲ್ಲಿ ‘ಎಂಡಾರ್ಸ್‌ಮೆಂಟ್’ ಆಯ್ಕೆ: ಮುಖ್ಯವಾಗಿ ಏನನ್ನು ನೋಡಬೇಕು?

ಬೆಂಗಳೂರಿನಿಂದ ಡಾಲಸ್‌ಗೆ ಬಂದಿರುವ ತಾವು, ಎಂಟನೆಯ ತರಗತಿಯ ಮಗಳಿಗೆ ಈಗಲೇ ಎಂಡಾರ್ಸ್‌ಮೆಂಟ್ (ಹೈಸ್ಕೂಲಿನಲ್ಲಿ ಒತ್ತುಕೊಟ್ಟು ಓದುವ ವಿಷಯಗಳ ಗುಂಪು) ಆರಿಸಲು ಶಾಲೆ ಹೇಳಿದೆ, ಇದು ಪಿಯುಸಿಯ ಸೈನ್ಸ್, ಕಾಮರ್ಸ್ ಆಯ್ಕೆಯಷ್ಟೇ ನಿರ್ಣಾಯಕವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಎಂಡಾರ್ಸ್‌ಮೆಂಟನ್ನು ಮುಂದೆ ಬದಲಿಸಬಹುದು. ಆದರೆ ಇಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು ಪೋಷಕರಿಗೆ ಒತ್ತಿ ಹೇಳುವುದು ಬೇರೆಯೇ ಒಂದು ಸಂಗತಿಯನ್ನು: ಆಲ್ಜೀಬ್ರಾ 2, ಅಂದರೆ ಬೀಜಗಣಿತದ ಎರಡನೆಯ ಹಂತದ ಕೋರ್ಸ್, ತಪ್ಪಿಹೋಗದಂತೆ ನೋಡಿಕೊಳ್ಳಿ.

ಹೌಸ್ ಬಿಲ್ 5 ಎಂದು ಕರೆಯಲಾಗುವ 2013ರ ಕಾನೂನು ಹೈಸ್ಕೂಲಿನ ಕಡ್ಡಾಯ ರಾಜ್ಯ ಪರೀಕ್ಷೆಗಳನ್ನು 15ರಿಂದ 5ಕ್ಕೆ ಇಳಿಸಿತು. 22 ಕ್ರೆಡಿಟ್‌ಗಳ (ಕೋರ್ಸ್ ಮುಗಿಸಿದಾಗ ಸಿಗುವ ಅಂಕಗಳ) ಮೂಲ ಪಠ್ಯಕ್ರಮದ ಮೇಲೆ ವಿಜ್ಞಾನ-ತಂತ್ರಜ್ಞಾನ, ವ್ಯಾಪಾರ-ಉದ್ಯಮ, ಸಾರ್ವಜನಿಕ ಸೇವೆ, ಕಲೆ-ಮಾನವಿಕ ಮತ್ತು ಬಹುಶಿಸ್ತೀಯ ಎಂಬ ಐದು ಎಂಡಾರ್ಸ್‌ಮೆಂಟ್‌ಗಳನ್ನು ಜೋಡಿಸಿ, ಒಟ್ಟು 26 ಕ್ರೆಡಿಟ್‌ಗಳ ದಾರಿ ಮಾಡಿತು. ಕಾಲೇಜಿಗೆ ಹೋಗುವವರಿಗೂ ನೇರ ಕೆಲಸಕ್ಕೆ ಸೇರುವವರಿಗೂ ಒಂದೇ ಅಚ್ಚು ಬೇಡವೆಂಬ ಅದರ ಉದ್ದೇಶವನ್ನು ನಾನು ಒಪ್ಪುತ್ತೇನೆ. ಆದರೆ ಮೂಲ ಪಠ್ಯಕ್ರಮದಲ್ಲಿ ಆಲ್ಜೀಬ್ರಾ 2 ಕಡ್ಡಾಯವಲ್ಲ. ಅದಿಲ್ಲದೆ ಹೈಸ್ಕೂಲ್ ಡಿಪ್ಲೊಮಾದ ಮೇಲ್ಮಟ್ಟವಾದ ‘ಡಿಸ್ಟಿಂಗ್ವಿಶ್ಡ್’ ಮಟ್ಟ ದೊರೆಯದು. ಆ ಮಟ್ಟವಿಲ್ಲದಿದ್ದರೆ, ತರಗತಿಯ ಮೇಲಿನ ಶೇ. 10ರಲ್ಲಿರುವವರಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ ನೀಡುವ 1997ರ ಕಾನೂನಿನ ಲಾಭವೂ ಸಾಮಾನ್ಯವಾಗಿ ಸಿಗದು. (ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಈ ಮಿತಿ ಇನ್ನೂ ಬಿಗಿ.) ಮನೆಯಲ್ಲಿ ಕಾಲೇಜು ಕಂಡವರೇ ಇಲ್ಲದ ಮಕ್ಕಳಿಗೆ ಇದನ್ನು ಯಾರಾದರೂ ಹೇಳದಿದ್ದರೆ ತಿಳಿಯುವುದೇ ಇಲ್ಲ, ಮತ್ತು ಹನ್ನೊಂದನೆಯ ತರಗತಿಯಲ್ಲಿ ತಿಳಿದರೆ ಕಾಲ ಮಿಂಚಿರುತ್ತದೆ. ಈ ನೀತಿಯ ದೊಡ್ಡ ಅನ್ಯಾಯ ಇದೇ ಎಂದು ನನಗನ್ನಿಸುತ್ತದೆ.

2019ರ ಹೌಸ್ ಬಿಲ್ 3 ಎಂಬ ಇನ್ನೊಂದು ಕಾನೂನು, ಕಾಲೇಜಿಗೆ ಬೇಕಾದ ಸಿದ್ಧತೆಯನ್ನು ಅಳೆಯುವ ಎಸ್‌ಎಟಿ, ಎಸಿಟಿ ಅಥವಾ ಟಿಎಸ್‌ಐ ಪರೀಕ್ಷೆಯಲ್ಲಿ ನಿಗದಿತ ಮಟ್ಟ ಮುಟ್ಟಿ, ಕಾಲೇಜು ಸೇರಿದ ಅಥವಾ ಉದ್ಯಮದ ಪ್ರಮಾಣಪತ್ರ ಪಡೆದ ವಿದ್ಯಾರ್ಥಿಗಳ ಸಂಖ್ಯೆ ಒಂದು ಮಿತಿಯನ್ನು ದಾಟಿದಾಗ ಶಾಲಾ ಡಿಸ್ಟ್ರಿಕ್ಟ್‌ಗೆ ಹೆಚ್ಚುವರಿ ಹಣ ನೀಡುತ್ತದೆ. ಹಾಗಾಗಿ ಶಾಲೆಗಳು ಪ್ರಮಾಣಪತ್ರಗಳ ಬಗ್ಗೆ ಉತ್ಸಾಹ ತೋರುವುದು ಸಹಜ. ಆದರೆ ಎಲ್ಲ ಪ್ರಮಾಣಪತ್ರಗಳಿಗೂ ಕೆಲಸದ ಮಾರುಕಟ್ಟೆಯಲ್ಲಿ ಒಂದೇ ಬೆಲೆಯಿಲ್ಲ.

ಡ್ಯುಯಲ್ ಕ್ರೆಡಿಟ್ ಮಾತ್ರ ನಿಜಕ್ಕೂ ಉಪಯುಕ್ತ. ಹೈಸ್ಕೂಲಿನಲ್ಲಿದ್ದುಕೊಂಡೇ ಕಮ್ಯುನಿಟಿ ಕಾಲೇಜಿನ ಕೋರ್ಸ್ ಮುಗಿಸಬಹುದು, ಮತ್ತು 2023ರ ಕಾನೂನಿನಿಂದಾಗಿ ಈ ಯೋಜನೆಯಲ್ಲಿ ಪಾಲ್ಗೊಂಡ ಕಾಲೇಜುಗಳಲ್ಲಿ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಅದು ಉಚಿತ.

ಕೌನ್ಸೆಲರ್‌ರನ್ನು ಭೇಟಿಯಾದಾಗ, ನಾಲ್ಕು ವರ್ಷಗಳ ಯೋಜನೆಯಲ್ಲಿ ಆಲ್ಜೀಬ್ರಾ 2 ಯಾವ ವರ್ಷ ಬರುತ್ತದೆ, ‘ಡಿಸ್ಟಿಂಗ್ವಿಶ್ಡ್’ ಮಟ್ಟಕ್ಕೆ ಬೇಕಾದ ನಾಲ್ಕು ಗಣಿತ ಮತ್ತು ನಾಲ್ಕು ವಿಜ್ಞಾನ ಕ್ರೆಡಿಟ್‌ಗಳು ಅದರಲ್ಲಿವೆಯೇ ಎಂದು ಕೇಳಿ, ಆ ಯೋಜನೆಯ ಪ್ರತಿಯನ್ನು ಪಡೆದುಕೊಳ್ಳಿ.